ಕಪಾಟಿನ ಬಾಗಿಲು: ಮುಖಕ್ಕಿಂತ ಮೊದಲು ಅಂಚನ್ನು ನೋಡಿ

ಪ್ರಶ್ನೆ: ಪುತ್ತೂರು ತಾಲೂಕಿನಲ್ಲಿ ನಮ್ಮ ಹೊಸ ಮನೆಯ ಕೆಲಸ ಗಾರೆಯ ಹಂತ ದಾಟಿದೆ. ಅಡುಗೆಮನೆ 12 ಅಡಿ ಉದ್ದ, 10 ಅಡಿ ಅಗಲ. ‘ಎಲ್’ ಆಕಾರದ ಗ್ರಾನೈಟ್ ಕಟ್ಟೆ, ಪಶ್ಚಿಮಕ್ಕೆ ಕಿಟಕಿ, ಕಿಟಕಿಯ ಕೆಳಗೆ ಸಿಂಕ್, ಗ್ಯಾಸ್ ಸಿಲಿಂಡರ್ ಕಟ್ಟೆಯ ಅಡಿಯಲ್ಲೇ. ಕಪಾಟಿನ ಬಾಗಿಲುಗಳ ವಿಚಾರದಲ್ಲಿ ಮನೆಯಲ್ಲಿ ಮೂರು ಅಭಿಪ್ರಾಯಗಳಿವೆ. ಮಗಳಿಗೆ ಹಿಡಿಕೆಯೇ ಇಲ್ಲದ, ಹೊಳೆಯುವ ಬಿಳಿ ಅಕ್ರಿಲಿಕ್ ಬಾಗಿಲು ಬೇಕು. ನನ್ನ ಯಜಮಾನರು ಪ್ಲೈವುಡ್‌ಗೆ ಮೈಕಾ ಹಚ್ಚಿಸಿದರೆ ಸಾಕು ಎನ್ನುತ್ತಾರೆ. ಹೋದ ವರ್ಷ ತೋಟದಲ್ಲಿ ಬಿದ್ದ ಹಲಸಿನ ಮರವನ್ನು ಹಲಗೆ ಕೊಯ್ಯಿಸಿ ಇಟ್ಟಿರುವುದರಿಂದ ಅದರಲ್ಲೇ ಬಾಗಿಲು ಮಾಡಿಸಬೇಕೆಂಬುದು ಅತ್ತೆಯವರ ಆಸೆ. ಶೋರೂಮಿನವರು ಎಂಡಿಎಫ್ ಹಲಗೆಗೆ ಅಕ್ರಿಲಿಕ್ ಹಾಕಿದ ಬಾಗಿಲು ಪೂರ್ತಿ ‘ವಾಟರ್‌ಪ್ರೂಫ್’ ಎಂದಿದ್ದಾರೆ. ಯಾವುದನ್ನು ಆರಿಸಬೇಕು?

ಉತ್ತರ: ನಿಮ್ಮ ಮನೆಯ ಮೂವರ ಮಾತಿನಲ್ಲೂ ಹುರುಳಿದೆ. ಮೂರನ್ನೂ ಒಂದೇ ಅಡುಗೆಮನೆಯಲ್ಲಿ, ಒಂದೊಂದನ್ನು ಅದರದರ ಜಾಗದಲ್ಲಿ ಇಡಲು ಸಾಧ್ಯವಿದೆ ಎಂದು ನಾನು ಮುಂದೆ ಹೇಳಲಿದ್ದೇನೆ. ಆದರೆ ‘ಅಕ್ರಿಲಿಕ್ಕೋ, ಮೈಕಾವೋ, ಮರವೋ’ ಎಂಬ ಪ್ರಶ್ನೆಗೆ ಮೊದಲು ಕೇಳಿಕೊಳ್ಳಬೇಕಾದದ್ದು, ಈ ಬಾಗಿಲು ನಿಲ್ಲುವುದು ಎಲ್ಲಿ ಮತ್ತು ಅದಕ್ಕೆ ದಿನವೂ ತಗಲುವುದೇನು ಎಂಬುದು. ನಿಮ್ಮದು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುವ ಊರು. ಕುಚ್ಚಲಕ್ಕಿ ಅನ್ನ ಮುಕ್ಕಾಲು ಗಂಟೆ ಕುದಿಯುತ್ತದೆ. ಕಡುಬು, ಪುಂಡಿ ಬೇಯುವ ದಿನ ಹಬೆ ಇನ್ನೂ ಹೆಚ್ಚು. ತೆಂಗಿನಕಾಯಿ ಅರೆದ ಪಾತ್ರೆ, ಮೀನು ತೊಳೆದ ನೀರು, ನೆಲಕ್ಕೆ ಬಕೆಟ್ಟಿನಿಂದ ನೀರು ಸುರಿದು ಗುಡಿಸುವ ಅಭ್ಯಾಸ ಇವೆಲ್ಲ ನಿಮ್ಮ ಅಡುಗೆಮನೆಯಲ್ಲೂ ಇರಬಹುದು. ಬೆಂಗಳೂರಿನ ಎತ್ತರದ ಫ್ಲಾಟೊಂದರಲ್ಲಿ ಹತ್ತು ವರ್ಷ ಚೆನ್ನಾಗಿ ಬಾಳುವ ಬಾಗಿಲು ಇಂಥ ಕಡೆ ಮೂರು ಮಳೆಗಾಲ ದಾಟದೆ ಇರುವುದನ್ನು ನಾನು ಕಂಡಿದ್ದೇನೆ.

ಅಂಥ ಒಂದು ಅಡುಗೆಮನೆಗೆ ಹೋದದ್ದು ಚೆನ್ನಾಗಿ ನೆನಪಿದೆ. ನಿಂತು ನೋಡಿದರೆ ಎಲ್ಲವೂ ಕನ್ನಡಿಯಂತೆ. ಒಂದು ಗೀರೂ ಇಲ್ಲ, ಮನೆಯವರು ಅಷ್ಟು ಜೋಪಾನವಾಗಿ ಒರೆಸಿಟ್ಟಿದ್ದರು. ಸಿಂಕಿನ ಕೆಳಗಿನ ಬಾಗಿಲು ಸರಿಯಾಗಿ ಮುಚ್ಚುತ್ತಿಲ್ಲವೆಂಬುದಷ್ಟೇ ಅವರ ದೂರು. ನಾನು ನೆಲದ ಮೇಲೆ ಕುಳಿತು ಆ ಬಾಗಿಲಿನ ಕೆಳ ಅಂಚಿನಡಿ ಬೆರಳು ಹಾಯಿಸಿದೆ. ಅಂಚಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಪಟ್ಟಿ ಎರಡಂಗುಲದಷ್ಟು ಬಿಟ್ಟುಕೊಂಡಿತ್ತು. ಒಳಗಿನ ಹಲಗೆ ಚಹಾದಲ್ಲಿ ಅದ್ದಿದ ರಸ್ಕಿನಂತೆ ಉಬ್ಬಿ, ಬೆರಳಿಗೆ ಪುಡಿಯಾಗಿ ಅಂಟಿತು. ಅಳೆದಾಗ 18 ಮಿಲಿಮೀಟರ್ ದಪ್ಪದ ಹಲಗೆ ಅಲ್ಲಿ 23 ಮಿಲಿಮೀಟರ್ ಆಗಿತ್ತು. ಹೊಳೆಯುವ ಮುಖದ ಮೇಲೆ ಬಿದ್ದ ನೀರು ಇಳಿದು ಕೆಳ ಅಂಚಿನಲ್ಲಿ ಹನಿಯಾಗಿ ನಿಲ್ಲುತ್ತಿತ್ತು; ಆ ಹನಿಯನ್ನು ಯಾರೂ ಒರೆಸುವುದಿಲ್ಲ, ಏಕೆಂದರೆ ಅದು ಯಾರಿಗೂ ಕಾಣುವುದಿಲ್ಲ. ಅಡುಗೆಮನೆಯ ಬಾಗಿಲು ಸಾಮಾನ್ಯವಾಗಿ ಕೆಡುವುದು ಹೀಗೆ, ಅಂಚಿನಿಂದ ಒಳಕ್ಕೆ.

ಶೋರೂಮಿನವರ ‘ವಾಟರ್‌ಪ್ರೂಫ್’ ಮಾತನ್ನು ಈ ಹಿನ್ನೆಲೆಯಲ್ಲಿ ತೂಗಿ ನೋಡಿ. ಅಕ್ರಿಲಿಕ್ ಹಾಳೆಗೆ ನೀರು ಏನೂ ಮಾಡದು ಎಂಬುದು ನಿಜ. ಆ ಹಾಳೆ ಸುಮಾರು ಒಂದು, ಒಂದೂವರೆ ಮಿಲಿಮೀಟರ್ ದಪ್ಪದ ಹೊದಿಕೆಯಷ್ಟೇ. ಒಳಗಿರುವ ಎಂಡಿಎಫ್ ಎಂದರೆ ಮರದ ನಾರನ್ನು ಅಂಟಿನೊಂದಿಗೆ ಬಿಸಿಯಲ್ಲಿ ಒತ್ತಿ ಮಾಡಿದ ಹಲಗೆ. ಒತ್ತಡದಲ್ಲಿ ಕುಗ್ಗಿದ ನಾರು ನೀರು ಕುಡಿದಾಗ ಮತ್ತೆ ಹಿಗ್ಗುತ್ತದೆ, ಒಮ್ಮೆ ಹಿಗ್ಗಿದ್ದು ಒಣಗಿದ ಮೇಲೂ ಮೊದಲಿನ ಅಳತೆಗೆ ಬರುವುದಿಲ್ಲ. ಹಸಿರು ಬಣ್ಣದ, ತೇವ ತಡೆಯುವ ಎಂಡಿಎಫ್ ಮತ್ತು ಬಡಗಿಗಳು ‘ಎಚ್‌ಡಿಎಚ್‌ಎಂಆರ್’ ಎಂದು ಕರೆಯುವ ದಟ್ಟ ಹಲಗೆ ಇದಕ್ಕಿಂತ ಬಹಳ ಮೇಲು; ಗಾಳಿಯ ತೇವವನ್ನು ಅವು ಚೆನ್ನಾಗಿ ತಾಳುತ್ತವೆ. ಆದರೆ ತೇವ ತಾಳುವುದು ಬೇರೆ, ನಿಂತ ನೀರನ್ನು ತಾಳುವುದು ಬೇರೆ. ಇನ್ನೊಂದು ವಿಷಯ: ಆ ಹಸಿರು ಗುರುತಿಗಾಗಿ ಬೆರೆಸಿದ ಬಣ್ಣ ಮಾತ್ರ. ಹಸಿರಾಗಿದೆ ಎಂಬುದೊಂದೇ ಗುಣಮಟ್ಟಕ್ಕೆ ಸಾಕ್ಷಿಯಾಗದು.

ಹಾಗಾದರೆ ಬಾಗಿಲಿನ ಒಡಲು, ಎಂದರೆ ಹೊದಿಕೆಯ ಒಳಗಿನ ಹಲಗೆ, ಯಾವುದಿರಬೇಕು? ನೆಲಮಟ್ಟದ ಕಪಾಟುಗಳಿಗೆ, ಅದರಲ್ಲೂ ಸಿಂಕಿನ ಅಕ್ಕಪಕ್ಕದವಕ್ಕೆ, ನಾನು ಹಿಂಜರಿಕೆಯಿಲ್ಲದೆ ಸೂಚಿಸುವುದು ಐಎಸ್ 710 ಎಂಬ ಭಾರತೀಯ ಮಾನಕದ ಬಿಡಬ್ಲ್ಯುಪಿ (ಕುದಿಯುವ ನೀರನ್ನೂ ತಾಳುವ) ಪ್ಲೈವುಡ್. ಅಂಗಡಿಯಲ್ಲಿ ಇದನ್ನು ‘ಮರೀನ್ ಪ್ಲೈ’ ಎನ್ನುತ್ತಾರೆ. 72 ಗಂಟೆ ಕುದಿಯುವ ನೀರಿನಲ್ಲಿಟ್ಟರೂ ಇದರ ಪದರಗಳ ನಡುವಿನ ಅಂಟು ಬಿಡಬಾರದೆಂಬುದು ಮಾನಕದ ಕಟ್ಟುಪಾಡು. ಐಎಸ್ 303ರ ಅಡಿಯಲ್ಲಿ ಬರುವ ಎಂಆರ್ (ತೇವವನ್ನಷ್ಟೇ ತಾಳುವ) ದರ್ಜೆಯ ಪ್ಲೈವುಡ್ ಮಲಗುವ ಕೋಣೆಯ ಅಲಮಾರಿಗೆ ಸರಿ, ಸಿಂಕಿನ ಬಾಗಿಲಿಗೆ ಸಲ್ಲದು. ಹಾಳೆಯ ಮೇಲೆ ಐಎಸ್‌ಐ ಮುದ್ರೆ, ಮಾನಕದ ಸಂಖ್ಯೆ ಮತ್ತು ತಯಾರಕರ ಪರವಾನಗಿ ಸಂಖ್ಯೆ ಮೂರೂ ಇವೆಯೇ ಎಂದು ಲಾರಿಯಿಂದ ಇಳಿಸುವಾಗಲೇ ನೋಡಿ. ಕತ್ತರಿಸಿದ ಮೇಲೆ ಮುದ್ರೆ ಯಾವ ತುಂಡಿಗೆ ಹೋಯಿತೋ ಗೊತ್ತಾಗುವುದಿಲ್ಲ. ಅನುಮಾನವಿದ್ದರೆ ಮೂರಂಗುಲದ ಒಂದು ತುಂಡನ್ನು ಹಳೆಯ ಪಾತ್ರೆಯೊಂದರಲ್ಲಿ ನಾಲ್ಕೈದು ಗಂಟೆ ಕುದಿಸಿ, ಒಣಗಲು ಬಿಟ್ಟು, ಪದರಗಳ ನಡುವೆ ಚಾಕುವಿನ ಮೊನೆ ತೂರಿಸಲು ಪ್ರಯತ್ನಿಸಿ. ಕಳಪೆ ಮಾಲು ಅಷ್ಟರಲ್ಲೇ ಬಾಯಿ ಬಿಡುತ್ತದೆ.

ಪ್ಲೈವುಡ್‌ಗೂ ಒಂದು ದೋಷವಿದೆ, ಅದನ್ನು ಮುಚ್ಚಿಡಬಾರದು: ಎತ್ತರದ ಬಾಗಿಲಾದರೆ ಅದು ಬಾಗುವ ಸಂಭವ ಎಂಡಿಎಫ್‌ಗಿಂತ ಹೆಚ್ಚು. ಕಟ್ಟೆಯ ಕೆಳಗಿನ ಎರಡೂವರೆ ಅಡಿಯ ಬಾಗಿಲುಗಳಲ್ಲಿ ಇದು ಕಾಣುವುದಿಲ್ಲ. ಆರೇಳು ಅಡಿಯ ಉಗ್ರಾಣದ ಕಪಾಟು ಮಾಡಿಸುವಿರಾದರೆ ಅದರ ಬಾಗಿಲನ್ನು ನಡುವೆ ಎರಡು ತುಂಡು ಮಾಡಿಸಿ, ಇಲ್ಲವೇ ಒಳಗೆ ಮರದ ಪಟ್ಟಿಗಳಿರುವ ಒಳ್ಳೆಯ ಬ್ಲಾಕ್‌ಬೋರ್ಡ್ ಬಳಸಿ. ಬಾಗುವುದಕ್ಕೆ ಹಲಗೆಯಷ್ಟೇ ಹೊಣೆಯಲ್ಲ. ಮುಂದಿನ ಮುಖಕ್ಕೆ ಒಂದು ಮಿಲಿಮೀಟರ್ ಲ್ಯಾಮಿನೇಟ್ (ನಿಮ್ಮ ಯಜಮಾನರು ಹೇಳುವ ಮೈಕಾ) ಹಚ್ಚಿ, ಒಳಮುಖಕ್ಕೆ ಬರೀ ಬಣ್ಣ ಬಳಿದು ಹಣ ಉಳಿಸುವ ಬಡಗಿಗಳಿದ್ದಾರೆ. ಕಾಗದದ ಒಂದೇ ಬದಿಗೆ ಗೋಂದು ಸವರಿದರೆ ಅದು ಹೇಗೆ ಸುರುಳಿ ಸುತ್ತುತ್ತದೆಯೋ ಬಾಗಿಲೂ ಹಾಗೆಯೇ ಒಂದು ಕಡೆಗೆ ಎಳೆಯುತ್ತದೆ. ಒಳಬದಿಗೂ 0.8 ಮಿಲಿಮೀಟರಿನ ಬಿಳಿ ಲ್ಯಾಮಿನೇಟ್ ಹಾಕಬೇಕೆಂದು ಮೊದಲೇ ಬರೆಯಿಸಿಕೊಳ್ಳಿ.

ಈಗ ಅಂಚು. ಹಲಗೆಯ ನಾಲ್ಕೂ ಬದಿಗೆ ಹಚ್ಚುವ ಪಿವಿಸಿ ಪಟ್ಟಿಯನ್ನು ಬಡಗಿ ಸ್ಥಳದಲ್ಲೇ ರಬ್ಬರ್ ಅಂಟು ಬಳಿದು ಕೈಯಿಂದ ಒತ್ತುವುದಕ್ಕೂ, ಕಾರ್ಖಾನೆಯ ಯಂತ್ರ ಬಿಸಿ ಅಂಟಿನಿಂದ ಒಂದೇ ಒತ್ತಡದಲ್ಲಿ ಕೂರಿಸುವುದಕ್ಕೂ ಅಜಗಜಾಂತರ. ನಿಮ್ಮ ಆಚಾರಿ ಎಷ್ಟೇ ನುರಿತವರಾಗಿರಲಿ, ಈ ಒಂದು ಕೆಲಸವನ್ನು ಎಡ್ಜ್‌ಬ್ಯಾಂಡಿಂಗ್ ಯಂತ್ರವಿರುವ ಕಡೆ ಮಾಡಿಸಿ. ಈಗ ಪುತ್ತೂರು, ಮಂಗಳೂರಿನ ಕಡೆ ಹಲಗೆ ತಂದುಕೊಟ್ಟರೆ ಅಳತೆಗೆ ಕತ್ತರಿಸಿ ಅಂಚು ಕಟ್ಟಿಕೊಡುವವರು ಸಿಗುತ್ತಾರೆ. ಬಾಗಿಲಿಗೆ 2 ಮಿಲಿಮೀಟರ್ ದಪ್ಪದ ಪಟ್ಟಿಯನ್ನೇ ಕೇಳಿ. 0.8 ಮಿಲಿಮೀಟರಿನದು ಒಳಗಿನ ಅಡ್ಡ ಹಲಗೆಗಳಿಗೆ ಸಾಕು, ಆದರೆ ಕುಕ್ಕರಿನ ಹಿಡಿ ತಗಲುವ, ಮೊಣಕಾಲು ಒರಸುವ ಬಾಗಿಲಿಗೆ ಅದು ತೆಳುವಾಯಿತು. ಅಂಟಿನಲ್ಲೂ ಎರಡು ಬಗೆಯಿದೆ: ಸಾಮಾನ್ಯ ಇವಿಎ ಅಂಟು ಬಿಸಿಗೆ ಮೆತ್ತಗಾಗುತ್ತದೆ, ಪಿಯುಆರ್ ಅಂಟು ಒಮ್ಮೆ ಗಟ್ಟಿಯಾದ ಮೇಲೆ ಬಿಸಿಗೂ ನೀರಿಗೂ ಬಗ್ಗುವುದಿಲ್ಲ. ಇಡೀ ಅಡುಗೆಮನೆಗೆ ಪಿಯುಆರ್ ದುಬಾರಿ ಎನಿಸಿದರೆ ಸಿಂಕ್ ಮತ್ತು ಒಲೆಯ ಸುತ್ತಲಿನ ಆರೆಂಟು ಬಾಗಿಲುಗಳಿಗಾದರೂ ಅದನ್ನು ಕೇಳಿ. ಮುಖದ ಹೊಳಪಿಗೆ ಕೊಡುವ ಹೆಚ್ಚಿನ ಹಣದಲ್ಲಿ ಒಂದು ಪಾಲನ್ನು ಇಲ್ಲಿಗೆ ತಿರುಗಿಸುವುದು ಜಾಣತನ.

ಮೇಲ್ಮೈಗಳ ಮಾತಿಗೆ ಬರೋಣ. ನಿಮ್ಮ ಯಜಮಾನರು ‘ಮೈಕಾ’ ಎಂದರಲ್ಲ, ಅದರಲ್ಲಿ ಅಭ್ರಕದ, ಎಂದರೆ ನಿಜವಾದ ಮೈಕಾ ಖನಿಜದ, ಅಂಶ ಕಿಂಚಿತ್ತೂ ಇಲ್ಲ. ಸಂಸ್ಥೆಯೊಂದರ ‘ಸನ್‌ಮೈಕಾ’ ಎಂಬ ಹೆಸರು ನಮ್ಮ ಬಾಯಲ್ಲಿ ವಸ್ತುವಿನ ಹೆಸರೇ ಆಗಿ ಉಳಿದಿದೆ. ಅದಕ್ಕೂ ಹಿಂದೆ, 1912ರಲ್ಲಿ, ಅಮೆರಿಕದ ಹರ್ಬರ್ಟ್ ಫೇಬರ್ ಮತ್ತು ಡೇನಿಯಲ್ ಓಕಾನರ್ ವಿದ್ಯುತ್ ಯಂತ್ರಗಳಲ್ಲಿ ಅಭ್ರಕದ ಬದಲಿಗೆ ಬಳಸಲೆಂದು ರಾಳದಿಂದ ಒಂದು ನಿರೋಧಕವನ್ನು ರೂಪಿಸಿದರು. ‘ಮೈಕಾಕ್ಕೆ ಬದಲಿ’ ಎಂಬ ಅರ್ಥದಲ್ಲೇ ಅದಕ್ಕೆ ಫಾರ್ಮಿಕಾ ಎಂಬ ಹೆಸರು ಬಂತು. ಇಂದಿನ ಲ್ಯಾಮಿನೇಟ್ ಎಂದರೆ ಫಿನಾಲಿಕ್ ರಾಳದಲ್ಲಿ ನೆನೆಸಿದ ಕಂದು ಕಾಗದದ ಹಲವು ಪದರ, ಅದರ ಮೇಲೆ ಮೆಲಮೈನ್ ರಾಳ ಕುಡಿದ ಬಣ್ಣದ ಕಾಗದ, ಇವನ್ನೆಲ್ಲ ಬಿಸಿಯಲ್ಲಿ ಒತ್ತಿ ಒಂದಾಗಿಸಿದ ಹಾಳೆ. ಗೀರು, ಬಿಸಿ, ಎಣ್ಣೆ, ಸಾಬೂನು ಇಷ್ಟನ್ನೂ ಒಟ್ಟಿಗೆ ತಾಳುವುದರಲ್ಲಿ ಇದರ ಬೆಲೆಗೆ ಇದಕ್ಕೆ ಸಾಟಿಯಿಲ್ಲ ಎಂಬುದು ಇಷ್ಟು ವರ್ಷಗಳ ಕೆಲಸದ ಬಳಿಕ ನನ್ನ ಖಚಿತ ಅಭಿಪ್ರಾಯ. ಅದರಲ್ಲಿ ‘ಸ್ವೀಡ್’ ಎಂದು ಕರೆಯುವ, ಅರೆಹೊಳಪಿನ ನುಣುಪು ಮುಖವನ್ನು ಆರಿಸಿ. ಮರದ ಎಳೆಗಳನ್ನು ಆಳವಾಗಿ ಅಚ್ಚೊತ್ತಿದ ಒರಟು ಲ್ಯಾಮಿನೇಟ್ ಅಂಗಡಿಯಲ್ಲಿ ನೋಡಲು ಸೊಗಸು. ಒಲೆಯ ಪಕ್ಕದಲ್ಲಿ ಆರು ತಿಂಗಳಲ್ಲಿ ಆ ಎಳೆಗಳ ಸಂದಿಗೆ ಒಗ್ಗರಣೆಯ ಎಣ್ಣೆ ಸೇರಿ, ಧೂಳು ಹಿಡಿದು, ಬಟ್ಟೆಗೆ ಬಾರದ ಜಿಗುಟಾಗುತ್ತದೆ.

ನಿಮ್ಮ ಮಗಳು ಬಯಸುವ ಅಕ್ರಿಲಿಕ್ ಬಗ್ಗೆ ನನಗೆ ತಕರಾರಿಲ್ಲ. ಬಣ್ಣದ ಆಳದಲ್ಲಿ, ಹೊಳಪಿನಲ್ಲಿ ಲ್ಯಾಮಿನೇಟ್ ಅದರ ಹತ್ತಿರ ಬಾರದು, ಬಿಸಿಲಿಗೆ ಅದು ಬೇಗ ಹಳದಿಯಾಗುವುದೂ ಇಲ್ಲ. ಪಶ್ಚಿಮದ ಕಿಟಕಿಯಿರುವ ನಿಮ್ಮ ಕೋಣೆಗೆ ಇದು ದೊಡ್ಡ ಗುಣ. ಆದರೆ ಅದು ಮೆದು. ಪಾತ್ರೆ ತಿಕ್ಕುವ ನಾರು ಒಮ್ಮೆ ತಗಲಿದರೂ ಸಾಕು, ಸಂಜೆಯ ಓರೆ ಬಿಸಿಲಿನಲ್ಲಿ ಸುರುಳಿ ಸುರುಳಿ ಗೀರು ಎದ್ದು ಕಾಣುತ್ತದೆ. ಸಣ್ಣ ಗೀರುಗಳನ್ನು ಪಾಲಿಶ್ ಹಚ್ಚಿ ಉಜ್ಜಿ ತೆಗೆಸಬಹುದು, ಆಳವಾದದ್ದು ಹೋಗದು. ಥಿನ್ನರ್, ಸ್ಪಿರಿಟ್, ಕೈಗೆ ಹಚ್ಚುವ ಸ್ಯಾನಿಟೈಸರ್‌ಗಳನ್ನು ಅದರ ಮೇಲೆ ಬಳಸಲೇಬಾರದು, ಮೈಯಲ್ಲಿ ಕೂದಲೆಳೆಯಂಥ ಬಿರುಕು ಮೂಡುತ್ತದೆ. ಆದ್ದರಿಂದ ಅಕ್ರಿಲಿಕ್ ಅನ್ನು ಕಣ್ಣಿನ ಮಟ್ಟಕ್ಕೆ, ಮೇಲಿನ ಕಪಾಟುಗಳಿಗೆ ಕೊಡಿ. ಅಲ್ಲಿ ಮೊಣಕಾಲು ತಗಲದು, ಬಕೆಟ್ಟು ಬಡಿಯದು, ನೆಲದ ನೀರು ಸಿಡಿಯದು, ಬೆಳಕು ಮಾತ್ರ ಚೆನ್ನಾಗಿ ಪ್ರತಿಫಲಿಸುತ್ತದೆ. ಮೇಲಿನ ಬಾಗಿಲಿಗೆ ತೇವ ತಡೆಯುವ ದಟ್ಟ ಎಂಡಿಎಫ್ ಒಡಲೂ ನಡೆಯುತ್ತದೆ, ಒಲೆಯ ನೇರ ಎರಡೂ ಬದಿಯ ಎರಡು ಬಾಗಿಲುಗಳನ್ನು ಬಿಟ್ಟು. ಹಬೆ ನೇರವಾಗಿ ಏರಿ ಬಡಿಯುವುದು ಅವುಗಳ ಕೆಳ ಅಂಚಿಗೇ.

ಪಿಯು (ಪಾಲಿಯುರೆಥೇನ್) ಬಣ್ಣ ಹೊಡೆದ ಬಾಗಿಲನ್ನೂ ಯಾರಾದರೂ ನಿಮಗೆ ತೋರಿಸಬಹುದು. ಅದರ ಸೊಬಗು ಅಂಚಿನಲ್ಲೇ ಇದೆ: ಪಟ್ಟಿಯಿಲ್ಲ, ಸಂದಿಲ್ಲ, ಬಣ್ಣ ಮುಖದಿಂದ ಬದಿಗೆ ತಡೆಯಿಲ್ಲದೆ ಹರಿಯುತ್ತದೆ. ಧೂಳಿಲ್ಲದ ಕೋಣೆಯಲ್ಲಿ ಹಲವು ಪದರ ಹೊಡೆದು, ನಡುನಡುವೆ ಉಜ್ಜಿ ಮಾಡಿದ ಕೆಲಸವಾದರೆ ಚೆನ್ನಾಗಿ ಬಾಳುತ್ತದೆ. ಆದರೆ ಒಂದು ಮೂಲೆಗೆ ತಟ್ಟೆ ತಗಲಿ ಚಕ್ಕೆ ಹಾರಿದರೆ ಅಲ್ಲಿಂದ ನೀರು ಒಳಸೇರುತ್ತದೆ. ಆ ಚಕ್ಕೆಯನ್ನಷ್ಟೇ ತುಂಬಿ ಬಣ್ಣ ಹೊಂದಿಸುವುದು ಬಹುತೇಕ ಅಸಾಧ್ಯ, ಇಡೀ ಬಾಗಿಲಿಗೇ ಮತ್ತೆ ಬಣ್ಣ ಹೊಡೆಸಬೇಕು. ನಿತ್ಯ ಮೂರು ಹೊತ್ತು ಅಡುಗೆಯಾಗುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಮೆಂಬ್ರೇನ್ ಬಾಗಿಲುಗಳನ್ನು, ಎಂದರೆ ಎಂಡಿಎಫ್‌ನಲ್ಲಿ ಬಳ್ಳಿಯೋ ಚೌಕಟ್ಟೋ ಕೆತ್ತಿ ಅದರ ಮೇಲೆ ಪಿವಿಸಿ ಹಾಳೆಯನ್ನು ಗಾಳಿ ಎಳೆದು ಒತ್ತಿದವನ್ನು, ನಿಮ್ಮ ಊರಿನ ಹವೆಗೂ ಒಲೆಯ ಬಿಸಿಗೂ ಬೇಡವೇ ಬೇಡ ಎನ್ನುತ್ತೇನೆ. ವರ್ಷಗಳ ಹಿಂದೆ ಅವುಗಳ ಅಂದಕ್ಕೆ ಮರುಳಾಗಿ ಒಂದು ಮನೆಗೆ ನಾನೇ ಸೂಚಿಸಿದ್ದೆ. ಒಲೆಯ ಪಕ್ಕದ ಡ್ರಾಯರಿನ ಮುಖದಿಂದ ಹಾಳೆ ಮೂಲೆಯಲ್ಲಿ ಎದ್ದು ಸುರುಳಿ ಸುತ್ತಿದ್ದನ್ನು ಆ ಮನೆಯವರು ಕರೆದು ತೋರಿಸಿದಾಗ, ಬದಲಿ ಮಾಡಿಸಿಕೊಡದೆ ಬೇರೆ ದಾರಿ ಇರಲಿಲ್ಲ.

ಆರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಅಂಗಡಿಯವರಿಂದ ಅಂಚು ಕಟ್ಟಿದ ಮಾದರಿ ತುಂಡನ್ನೇ ಕೇಳಿ; ಬರೀ ಹಾಳೆಯ ಚೀಟಿ ಸಾಲದು. ಅರ್ಧ ಚಮಚ ಅರಿಶಿನವನ್ನು ತೆಂಗಿನೆಣ್ಣೆಯಲ್ಲಿ ಕಲಸಿ, ಮುಖದ ಮೇಲೊಂದು ಬೊಟ್ಟು, ಪಟ್ಟಿ ಸೇರುವ ಗೆರೆಯ ಮೇಲೊಂದು ಬೊಟ್ಟು ಇಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪಾತ್ರೆ ತೊಳೆಯುವ ಸಾಬೂನಿನಿಂದ ಮೆತ್ತಗೆ ಒರೆಸಿ. ಅರಿಶಿನದ ಬಣ್ಣ ನೀರಿಗಿಂತ ಎಣ್ಣೆಯಲ್ಲಿ ಸುಲಭವಾಗಿ ಕರಗುವುದರಿಂದ ಎಣ್ಣೆಯಲ್ಲಿ ಕಲಸಿದ್ದೇ ಕಠಿಣ ಪರೀಕ್ಷೆ. ಮುಖದ ಮೇಲೆ ಮಸುಕು ಹಳದಿ ಉಳಿದರೆ ಚಿಂತಿಸಬೇಡಿ, ಬಿಸಿಲಿಗೆ ಇಟ್ಟರೆ ಅದು ಮಾಸುತ್ತದೆ. ಆ ಬಣ್ಣವನ್ನು ಬೆಳಕು ಒಡೆದುಹಾಕುತ್ತದೆ. ಆದರೆ ಪಟ್ಟಿಯ ಗೆರೆಯುದ್ದಕ್ಕೂ ಹಳದಿ ದಾರದಂತೆ ಉಳಿದರೆ ಅಲ್ಲಿ ಸಂದಿದೆ ಎಂದರ್ಥ, ಎಣ್ಣೆ ಹೋದ ದಾರಿಯಲ್ಲಿ ನೀರೂ ಹೋಗುತ್ತದೆ. ಬಳಿಕ ಅದೇ ತುಂಡನ್ನು ಅರ್ಧ ಅಂಗುಲ ನೀರಿರುವ ತಟ್ಟೆಯಲ್ಲಿ ನೆಟ್ಟಗೆ ನಿಲ್ಲಿಸಿ, ಒಂದು ದಿನದ ಬಳಿಕ ಕೆಳ ಅಂಚಿನ ದಪ್ಪವನ್ನು ಮೇಲಿನ ಅಂಚಿನೊಂದಿಗೆ ಹೋಲಿಸಿ. ಆಚಾರಿಯ ಬಳಿ ದಪ್ಪ ಅಳೆಯುವ ವರ್ನಿಯರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಉಗುರಿಗೇ ಗೊತ್ತಾಗುತ್ತದೆ. ಶೋರೂಮಿನವರು ವಾಟರ್‌ಪ್ರೂಫ್ ಎಂದ ಬಾಗಿಲನ್ನೂ ಇದೇ ಪರೀಕ್ಷೆಗೆ ಒಡ್ಡಿ.

ಅತ್ತೆಯವರ ಹಲಸಿನ ಮರದ ಬಗ್ಗೆ ಬರೆಯಲು ನನಗೆ ನಿಜಕ್ಕೂ ಸಂತೋಷ. ಕರಾವಳಿಯ ಹಳೆಯ ಮನೆಗಳ ಬಾಗಿಲು, ಕಿಟಕಿ, ಪೆಟಾರಿಗಳಲ್ಲಿ ತಲೆಮಾರುಗಳಿಂದ ಬಾಳಿದ ಮರವದು. ಅದರ ಕೆಚ್ಚಿಗೆ ಗೆದ್ದಲು ಅಷ್ಟು ಸುಲಭವಾಗಿ ಬಾಯಿ ಹಾಕುವುದಿಲ್ಲ, ಕೆಚ್ಚಿನ ಸುತ್ತಲಿನ ಬೆಳಿಮರವನ್ನು ಮಾತ್ರ ಪೂರ್ತಿ ತೆಗೆಸಬೇಕು. ಹೊಸತರಲ್ಲಿ ಅರಿಶಿನದಂಥ ಹಳದಿ ಇದ್ದು ವರ್ಷ ಕಳೆದಂತೆ ಜೇನಿನ ಕಂದು ಬಣ್ಣಕ್ಕೆ ತಿರುಗುತ್ತದೆ. ಆದ್ದರಿಂದ ಇಂದಿನ ಬಣ್ಣಕ್ಕೆ ಹೊಂದುವ ಲ್ಯಾಮಿನೇಟ್ ಹುಡುಕುವ ಶ್ರಮ ಬೇಡ. ತೊಡಕಿರುವುದು ಇಲ್ಲಿ: ಯಾವ ಗಟ್ಟಿ ಮರವಾದರೂ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚೇನೂ ಬದಲಾಗದು. ಒಂದೂವರೆ ಅಡಿ ಅಗಲದ ಬಾಗಿಲನ್ನು ಹಲಗೆಗಳನ್ನೇ ಪಕ್ಕಪಕ್ಕ ಅಂಟಿಸಿ ಮಾಡಿದರೆ ಅದು ಋತುವಿನಿಂದ ಋತುವಿಗೆ ಮೂರು ನಾಲ್ಕು ಮಿಲಿಮೀಟರ್ ಬದಲಾಗಬಹುದು. ಇಂದಿನ ಕಪಾಟುಗಳಲ್ಲಿ ಎರಡು ಬಾಗಿಲುಗಳ ನಡುವೆ ಬಿಡುವ ಸಂದೇ ಮೂರು ಮಿಲಿಮೀಟರ್. ಜುಲೈಯಲ್ಲಿ ಬಾಗಿಲು ಬಾಗಿಲಿಗೆ ಕಚ್ಚಿಕೊಳ್ಳುವುದು ಇದರಿಂದಲೇ.

ಹಿಂದಿನವರು ಇದಕ್ಕೆ ಉಪಾಯ ಕಂಡುಕೊಂಡಿದ್ದರು. ನಾಲ್ಕು ಪಟ್ಟಿಗಳ ಚೌಕಟ್ಟು ಕಟ್ಟಿ, ಅದರ ಒಳಬದಿಯಲ್ಲಿ ತೋಡು ಕೊರೆದು, ನಡುವಿನ ತೆಳು ಹಲಗೆಯನ್ನು ಅಂಟಿಲ್ಲದೆ ಆ ತೋಡಿನಲ್ಲಿ ಸಡಿಲವಾಗಿ ಕೂರಿಸುವುದು. ಹಲಗೆ ತೋಡಿನೊಳಗೇ ಹಿಗ್ಗಿ ಕುಗ್ಗುತ್ತದೆ, ಬಾಗಿಲಿನ ಹೊರ ಅಳತೆ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. ನಮ್ಮ ಹಳೆಯ ಮನೆಗಳ ಬಾಗಿಲುಗಳಲ್ಲೂ, ಈಗ ಎಲ್ಲರೂ ‘ಶೇಕರ್’ ಶೈಲಿ ಎಂದು ಕೇಳುವ ಬಾಗಿಲುಗಳಲ್ಲೂ ಇರುವುದು ಇದೇ ತತ್ತ್ವ. 1774ರಲ್ಲಿ ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಶೇಕರ್ ಎಂಬ ಧಾರ್ಮಿಕ ಪಂಗಡದವರು ಅಲಂಕಾರವನ್ನು ದೂರವಿಟ್ಟು ಪೀಠೋಪಕರಣ ಮಾಡುತ್ತಿದ್ದರು. ಆ ಸರಳ ಚೌಕಟ್ಟಿಗೆ ಅವರ ಹೆಸರು ನಿಂತಿತು. ಇವತ್ತು ಅಂಗಡಿಗಳಲ್ಲಿ ಸಿಗುವ ಬಹುಪಾಲು ಶೇಕರ್ ಬಾಗಿಲು ಎಂಡಿಎಫ್ ಹಲಗೆಯಲ್ಲಿ ಯಂತ್ರದಿಂದ ನಡುವನ್ನು ಕೊರೆದು ಮಾಡಿದ್ದು, ಅದಕ್ಕೆ ಹಿಗ್ಗಲು ಮರವೂ ಇಲ್ಲ, ತೋಡೂ ಇಲ್ಲ. ಚೌಕಟ್ಟಿನ ಬಾಗಿಲಿನ ಒಂದು ತಾಪತ್ರಯವನ್ನೂ ಹೇಳಿಬಿಡುತ್ತೇನೆ: ಕೆಳಗಿನ ಅಡ್ಡಪಟ್ಟಿಯ ಮೇಲಂಚು ಸಣ್ಣ ಜಗಲಿಯಂತೆ ಚಾಚಿಕೊಂಡಿರುತ್ತದೆ, ಎಣ್ಣೆ ಬೆರೆತ ಧೂಳು ಅಲ್ಲಿ ಕೂರುತ್ತದೆ. ಒಲೆಯ ಹತ್ತಿರಕ್ಕೆ ಅದು ಬೇಡ.

ಆದ್ದರಿಂದ ಹಲಸನ್ನು ಒಲೆ, ಸಿಂಕುಗಳಿಂದ ದೂರದ ಗೋಡೆಯಲ್ಲಿ, ಊಟದ ಕೋಣೆಗೆ ಎದುರಾಗುವ ಮೇಲಿನ ಎರಡು ಮೂರು ಕಪಾಟುಗಳಿಗೆ ಬಳಸಿ. ಚೌಕಟ್ಟು ಹಲಸಿನದು, ನಡುವೆ 4 ಮಿಲಿಮೀಟರಿನ ಟಫನ್ಡ್ ಗಾಜು. ಅತ್ತೆಯವರ ಹಿತ್ತಾಳೆ, ಕಂಚಿನ ಪಾತ್ರೆಗಳು ಅಲ್ಲಿ ಕಾಣುವಂತಿರಲಿ. ಹಲಗೆಗಳನ್ನು ಈಗ ಹೇಗೆ ಇಟ್ಟಿದ್ದೀರಿ ಎಂದು ಬರೆದಿಲ್ಲ. ಒಂದರ ಮೇಲೊಂದು ಒತ್ತಿ ಇಟ್ಟಿದ್ದರೆ ಇಂದೇ ಬಿಡಿಸಿ, ನಡುನಡುವೆ ಒಂದಂಗುಲದ ರೀಪು ಕೊಟ್ಟು, ಗಾಳಿಯಾಡುವ ನೆರಳಿನಲ್ಲಿ ಪೇರಿಸಿ. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಒಣಗಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. ಮಾರ್ಚ್, ಏಪ್ರಿಲ್‌ನಲ್ಲಿ ತೇವಮಾಪಕ ಇಟ್ಟು ನೋಡಿ, ಶೇಕಡ 12ರ ಆಸುಪಾಸಿಗೆ ಬಂದಿದ್ದರೆ ಕೆಲಸಕ್ಕೆ ತೆಗೆದುಕೊಳ್ಳಬಹುದು. ಅರಗಿನಿಂದ ಮಾಡುವ ಫ್ರೆಂಚ್ ಪಾಲಿಶ್ ಅಡುಗೆಮನೆಗೆ ಆಗದು, ಹಬೆ ತಗಲಿದಲ್ಲಿ ಬೆಳ್ಳಗಾಗುತ್ತದೆ. ಪಾರದರ್ಶಕ ಪಿಯು ಪಾಲಿಶ್ ಮಾಡಿಸಿ, ಅದನ್ನು ಹಿಂಬದಿಗೂ ಮೇಲೆ ಕೆಳಗಿನ ಅಂಚುಗಳಿಗೂ ಹೊಡೆಸಿ. ಒಳಬದಿ ಬೋಳು ಬಿಟ್ಟ ಮರ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ.

ಸಿಂಕಿನ ಕೆಳಗಿನ ಜೋಡಿ ಬಾಗಿಲನ್ನು ಉಳಿದವುಗಳ ಜೊತೆ ಸೇರಿಸಿ ಯೋಚಿಸಬೇಡಿ. ಮರೀನ್ ಪ್ಲೈ ಮತ್ತು ಲ್ಯಾಮಿನೇಟಿನದೇ ಸರಿಹೋಗುತ್ತದೆ, ಆದರೂ ಅದೇ ಲ್ಯಾಮಿನೇಟನ್ನು 18 ಮಿಲಿಮೀಟರಿನ ದಟ್ಟ ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ) ಹಲಗೆಗೆ ಹಚ್ಚಿಸಿದರೆ ಹೊರಗಿನಿಂದ ವ್ಯತ್ಯಾಸ ಕಾಣದು, ನೀರಿನ ಭಯ ಪೂರ್ತಿ ಹೋಗುತ್ತದೆ. ಆ ಹಲಗೆ ಸ್ಕ್ರೂವನ್ನು ಪ್ಲೈಯಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಬಾಗಿಲು ಸಣ್ಣದಿರಲಿ, ಕೀಲುಗಳು ಎರಡರ ಬದಲು ಮೂರಿರಲಿ. ಎಲ್ಲ ಕೆಳಗಿನ ಕಪಾಟುಗಳೂ ನಾಲ್ಕಂಗುಲ ಎತ್ತರದ ಪ್ಲಾಸ್ಟಿಕ್ ಕಾಲುಗಳ ಮೇಲೆ ನಿಲ್ಲಲಿ; ಮುಂದಿನ ಪಟ್ಟಿ ತೆಗೆದು ಹಾಕುವಂಥದ್ದಾಗಿದ್ದು, ಅದು ಪಿವಿಸಿಯದೋ ಅಲ್ಯೂಮಿನಿಯಂನದೋ ಆಗಿರಲಿ. ಆಗ ಬಕೆಟ್ಟಿನ ನೀರು ಬಾಗಿಲನ್ನು ಮುಟ್ಟುವುದಿಲ್ಲ.

ಸಿಲಿಂಡರ್ ಇಡುವ ಕಪಾಟಿನ ಬಾಗಿಲಿಗೆ ಸೊಗಸಿನ ಪ್ರಶ್ನೆಯೇ ಬರಬಾರದು. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ನೆಲದ ಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ಆದ್ದರಿಂದ ಆ ಬಾಗಿಲು ಅಡ್ಡಪಟ್ಟಿಗಳ ಲೂವರ್ ಬಾಗಿಲಾಗಿರಬೇಕು, ಇಲ್ಲವೇ ಕನಿಷ್ಠ ಕೆಳಭಾಗದಲ್ಲಿ ಅಗಲವಾದ ಜಾಲಿ ಇರಬೇಕು, ಮೇಲೊಂದು ಕಿಂಡಿಯೂ ಇದ್ದರೆ ಗಾಳಿ ಹರಿದಾಡುತ್ತದೆ. ಮುಂದಿನ ಪಟ್ಟಿಯಿಂದ ಕೆಳಗಿನ ಸಂದು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಎಲ್ಲ ಬಾಗಿಲೂ ಒಂದೇ ಥರ ಕಾಣಬೇಕೆಂದು ಇಲ್ಲೂ ಬೋಳು ಬಾಗಿಲು ಹಾಕಿ ಮುಚ್ಚಿಬಿಟ್ಟ ಅಡುಗೆಮನೆಗಳನ್ನು ನೋಡಿದಾಗಲೆಲ್ಲ ನನಗೆ ದಿಗಿಲಾಗುತ್ತದೆ. ಸಾಧ್ಯವಾದರೆ ಸಿಲಿಂಡರನ್ನು ಮನೆಯ ಹೊರಗಿಟ್ಟು ಪೈಪು ಎಳೆಸಿ, ಮನೆ ಇನ್ನೂ ಕಟ್ಟುತ್ತಿರುವಾಗ ಇದು ಸುಲಭ.

ಹಿಡಿಕೆ ಬೇಡವೆನ್ನುವ ಮಗಳಿಗೆ ಒಂದು ಮಾತು. ಅಲ್ಯೂಮಿನಿಯಂ ತೋಡಿನ ಬಾಗಿಲಾಗಲಿ, ಒತ್ತಿದರೆ ತೆರೆಯುವ ಬಾಗಿಲಾಗಲಿ ನೋಡಲು ಅಚ್ಚುಕಟ್ಟು. ಆದರೆ ಹಿಟ್ಟು ಮೆತ್ತಿದ ಕೈ, ಮೀನು ಹೆಚ್ಚುತ್ತಿದ್ದ ಕೈ ಹೋಗುವುದು ಆ ತೋಡಿನೊಳಕ್ಕೇ, ಅದನ್ನು ತೊಳೆಯುವುದು ಕಷ್ಟ. ಒತ್ತಿ ತೆರೆಯುವ ಬಾಗಿಲಿನ ಹೊಳೆಯುವ ಮೈಮೇಲೆ ದಿನವೂ ಬೆರಳಚ್ಚು. ಮೇಲಿನ ಅಕ್ರಿಲಿಕ್ ಬಾಗಿಲನ್ನು ಕಪಾಟಿನ ತಳಕ್ಕಿಂತ ಸುಮಾರು ಮುಕ್ಕಾಲು ಅಂಗುಲ ಕೆಳಗಿಳಿಸಿದರೆ ಅಂಚಿನಡಿ ಬೆರಳು ಹಾಕಿ ಎಳೆಯಬಹುದು, ಹಿಡಿಕೆಯಿಲ್ಲದ ನೋಟ ಅಲ್ಲಿ ಸಿಕ್ಕಂತಾಯಿತು. ಕೆಳಗಿನ ಬಾಗಿಲು ಮತ್ತು ಡ್ರಾಯರುಗಳಿಗೆ ನಾಲ್ಕು ಬೆರಳು ಧಾರಾಳವಾಗಿ ಹೋಗುವ ಸ್ಟೀಲ್ ಹಿಡಿಕೆ ಇರಲಿ. ಸ್ಕ್ರೂ ತೂತುಗಳ ನಡುವೆ 128 ಅಥವಾ 160 ಮಿಲಿಮೀಟರ್ ಅಂತರವಿರುವುದನ್ನು ತೆಗೆದುಕೊಂಡರೆ ಮುಂದೆ ಬದಲಿಸಬೇಕಾದಾಗ ಅದೇ ತೂತಿಗೆ ಹೊಂದುವ ಹಿಡಿಕೆ ಸುಲಭವಾಗಿ ಸಿಗುತ್ತದೆ. ಅತ್ತೆಯವರ ಬೆರಳಿಗೆ, ಒದ್ದೆ ಕೈಗೆ ಹಿಡಿತ ಸಿಗುವುದು ಇದರಿಂದಲೇ. ಕಟ್ಟೆಯ ಕೆಳಗೆ ಬಾಗಿಲಿಗಿಂತ ಡ್ರಾಯರ್ ಹೆಚ್ಚಿರಲಿ, ಬಗ್ಗಿ ಒಳಗೆ ಕೈಯಾಡಿಸುವುದು ಅವರಿಗೆ ತಪ್ಪುತ್ತದೆ.

ಬಣ್ಣದ ವಿಚಾರದಲ್ಲಿ ಹೆಚ್ಚು ಹೇಳುವುದಿಲ್ಲ, ಅದು ಮನೆಯವರ ಇಷ್ಟ. 1926ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗೆಂದು ವಾಸ್ತುಶಿಲ್ಪಿ ಮಾರ್ಗರೇಟೆ ಶ್ಯುಟ್ಟೆ-ಲಿಹೊಟ್ಸ್ಕಿ ವಿನ್ಯಾಸ ಮಾಡಿದ ‘ಫ್ರಾಂಕ್‌ಫರ್ಟ್ ಅಡುಗೆಮನೆ’ಯ ಕಪಾಟುಗಳಿಗೆ ನೀಲಿ-ಹಸಿರು ಬಣ್ಣ ಬಳಿದದ್ದು, ನೊಣಗಳು ಆ ಬಣ್ಣದ ಮೇಲೆ ಕೂರುವುದಿಲ್ಲವೆಂಬ ನಂಬಿಕೆಯಿಂದಂತೆ. ನಿಮಗೆ ನನ್ನ ಸಲಹೆ ಇಷ್ಟೇ: ಮೇಲೆ ಬಿಳಿ ಅಕ್ರಿಲಿಕ್ ಇರಲಿ, ಕೆಳಗೆ ಅಚ್ಚ ಬಿಳಿಯೂ ಕಡುಗಪ್ಪೂ ಬೇಡ. ಕಪ್ಪಿನ ಮೇಲೆ ಒಣಗಿದ ನೀರಹನಿಯ ಬಿಳಿ ಕಲೆ, ಬಿಳಿಯ ಮೇಲೆ ಕೆಂಪು ಮಣ್ಣಿನ ಧೂಳು, ಎರಡೂ ಬೇಗ ಕಾಣುತ್ತವೆ. ಹೊಂಗೆ ಎಲೆಯ ಹಸಿರು, ಬೂದುಗಂದು, ತೆಳು ಮಣ್ಣಿನ ಬಣ್ಣ ಇವು ಹಲಸಿನ ಜೇನುಗಂದಿಗೂ ಹೊಂದುತ್ತವೆ. ಆರಿಸಿದ ಲ್ಯಾಮಿನೇಟಿನ ಒಂದು ಹಾಳೆಯನ್ನು ಹೆಚ್ಚುವರಿ ತರಿಸಿ ಅಟ್ಟದಲ್ಲಿಡಿ. ಐದಾರು ವರ್ಷಗಳ ಬಳಿಕ ಒಂದು ಬಾಗಿಲು ಬದಲಿಸಬೇಕಾದಾಗ ಅದೇ ಸಂಖ್ಯೆಯ ಹಾಳೆ ಅಂಗಡಿಯಲ್ಲಿ ಇರುತ್ತದೆಂಬ ಭರವಸೆಯಿಲ್ಲ.

ಕೊನೆಯದಾಗಿ ಕೀಲುಗಳು. ಬಾಗಿಲಿನೊಳಗೆ 35 ಮಿಲಿಮೀಟರ್ ಅಗಲದ ಗುಳಿ ತೋಡಿ ಕೂರಿಸುವ ಈಗಿನ ಕೀಲುಗಳಲ್ಲಿ ತುಕ್ಕು ಹಿಡಿಯದ 304 ದರ್ಜೆಯ ಸ್ಟೀಲಿನವು ಸಿಗುತ್ತವೆ. ಸಿಂಕಿನ ಬಳಿಗಾದರೂ ಅವನ್ನೇ ಹಾಕಿಸಿ, ಗುಳಿ ತೋಡಿದ ಜಾಗದಲ್ಲಿ ಬೋಳಾದ ಹಲಗೆಗೆ ಒಂದು ಕೈ ವಾರ್ನಿಷ್ ಬಳಿಯಲು ಹೇಳಿ. ಈ ಕೀಲುಗಳಲ್ಲಿ ಬಾಗಿಲನ್ನು ಎಡಬಲಕ್ಕೆ, ಮೇಲೆ ಕೆಳಗೆ, ಒಳಗೆ ಹೊರಗೆ ಸರಿಸಲು ಸ್ಕ್ರೂಗಳಿರುತ್ತವೆ. ಕಪಾಟು ಕೂರಿಸಿದ ದಿನ ಸಂದುಗಳು ಎಷ್ಟೇ ನೇರವಾಗಿರಲಿ, ಹೊಸ ಗೋಡೆಯ ತೇವ ಮತ್ತು ಮೊದಲ ಮಳೆಗಾಲ ಅವನ್ನು ಸ್ವಲ್ಪ ಅಲುಗಿಸಿಯೇ ಅಲುಗಿಸುತ್ತವೆ. ಆದ್ದರಿಂದ ಅಕ್ಟೋಬರ್‌ನಲ್ಲಿ ಒಮ್ಮೆ ಬಂದು ಎಲ್ಲ ಬಾಗಿಲುಗಳನ್ನೂ ಹೊಂದಿಸಿಕೊಡಬೇಕೆಂದು ಈಗಲೇ ಮಾತಾಡಿ, ಒಪ್ಪಿದ ಮೊತ್ತದಲ್ಲಿ ಒಂದು ಸಣ್ಣ ಪಾಲನ್ನು ಆ ದಿನ ಕೊಡುವುದೆಂದು ಬರೆದಿಟ್ಟುಕೊಳ್ಳಿ. ಅವರು ಬಂದ ದಿನ ನೀವೂ ಸಿಂಕಿನ ಮುಂದೆ ಕುಳಿತು, ಕೆಳ ಅಂಚಿನಡಿ ಒಮ್ಮೆ ಬೆರಳು ಹಾಯಿಸಿ ನೋಡಿ.